ಬೈಲಕುಪ್ಪೆಯ ಟಿಬೆಟನ್ ಊಟೋಪಚಾರ

ಬೈಲಕುಪ್ಪೆಯ ಟಿಬೆಟನ್ ಊಟೋಪಚಾರ ಎಂಬುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ಗ್ರಾಮಕ್ಕೆ ಹೊಂದಿಕೊಂಡಿರುವ ಬೈಲಕುಪ್ಪೆಯ ಟಿಬೆಟನ್ ವಸತಿಗಳಲ್ಲಿ ರೂಢಿಯಲ್ಲಿರುವ ಹಾಗೂ ಅಲ್ಲಿಗೆ ಬರುವ ಪ್ರವಾಸಿಗರಿಗೆ ಉಪಾಹಾರ ಗೃಹಗಳಲ್ಲಿ ಒದಗಿಸಲಾಗುವ ಆಹಾರವನ್ನು ಕುರಿತದ್ದು. ಮೊಮೊ, ತುಕ್ಪಾ, ತೆಂತುಕ್, ತಿಂಗ್ಮೊ, ಶಾಫಲೆ ಮತ್ತು ಬೆಣ್ಣೆ ಚಹಾ ಇವುಗಳಲ್ಲಿ ಮುಖ್ಯವಾದವು. ಮೈಸೂರಿನಿಂದ ಮಡಿಕೇರಿಗೆ ಹೋಗುವ ಪ್ರವಾಸಿಗರಲ್ಲಿ ಬಹುಮಂದಿ ದಾರಿಯಲ್ಲಿ ಇಲ್ಲಿನ ಸುವರ್ಣ ದೇವಾಲಯವನ್ನು ನೋಡಿ, ಅದರ ಆಸುಪಾಸಿನಲ್ಲಿಯೇ ಊಟ ಅಥವಾ ಉಪಾಹಾರ ಮುಗಿಸುವುದುಂಟು. ಪ್ರವಾಸಿಗರು ಇಲ್ಲಿ ಸವಿಯುವ ತಿನಿಸುಗಳಿಗೂ ಟಿಬೆಟನ್ನರು ತಮ್ಮ ಮೂಲ ನೆಲದಲ್ಲಿ ದಿನನಿತ್ಯ ಉಣ್ಣುತ್ತಿದ್ದ ಆಹಾರಕ್ಕೂ ಗಣನೀಯ ವ್ಯತ್ಯಾಸವಿದೆ. ನಿರಾಶ್ರಿತರ ಬದುಕು, ದಕ್ಷಿಣ ಕರ್ನಾಟಕದ ಹವೆ, ಇಲ್ಲಿ ದೊರೆಯುವ ಧಾನ್ಯ ಮತ್ತು ಪ್ರವಾಸೋದ್ಯಮ ಈ ವ್ಯತ್ಯಾಸಕ್ಕೆ ಕಾರಣಗಳಾಗಿವೆ.

## ಸ್ಥಳ

ಕೊಪ್ಪ ಗ್ರಾಮವು ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿ ಮೈಸೂರು ಜಿಲ್ಲೆಯ ಅಂಚಿನಲ್ಲಿದೆ. ಇಲ್ಲಿ ಕಾವೇರಿ ನದಿಯ ಸೇತುವೆಯನ್ನು ದಾಟಿದರೆ ಕೊಡಗು ಜಿಲ್ಲೆಯ ಕುಶಾಲನಗರ ಸಿಗುತ್ತದೆ. ಸುವರ್ಣ ದೇವಾಲಯವೆಂದು ಹೆಸರಾದ ನಾಮ್‌ಡ್ರೋಲಿಂಗ್ ಮಠಕ್ಕೆ ಹೋಗುವವರು ಕೊಪ್ಪದಲ್ಲಿ ಹೆದ್ದಾರಿಯನ್ನು ಬಿಟ್ಟು ಒಳರಸ್ತೆಗೆ ತಿರುಗಬೇಕು. ಚಿಕಮಗಳೂರು ಜಿಲ್ಲೆಯಲ್ಲಿ ಇದೇ ಹೆಸರಿನ ತಾಲ್ಲೂಕು ಕೇಂದ್ರವೊಂದಿದ್ದು, ಅದು ಬೇರೆ ಊರು.

ಆಹಾರ ಪದ್ಧತಿಯ ದೃಷ್ಟಿಯಿಂದಲೂ ಕೊಪ್ಪ ಒಂದು ಗಡಿಸ್ಥಳ. ಪೂರ್ವಕ್ಕೆ ಪಿರಿಯಾಪಟ್ಟಣ ಮತ್ತು ಹುಣಸೂರು ಕಡೆಗಳಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳಿನ ಸಾರು ಹಾಗೂ ಅವರೆಕಾಳಿನ ಅಡುಗೆಗಳು ಪ್ರಧಾನವಾಗಿವೆ. ಪಶ್ಚಿಮಕ್ಕೆ ಸುಮಾರು 1,170 ಮೀಟರ್ ಎತ್ತರದಲ್ಲಿರುವ, ಕೊಡಗಿನ ಅರಸರ ರಾಜಧಾನಿಯಾಗಿದ್ದ ಮಡಿಕೇರಿಯ ಕಡೆಗೆ ಏರುತ್ತಾ ಹೋದಂತೆ ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟು, ಕಾಚಂಪುಳಿ ಬೆರೆಸಿದ ಪಂದಿಕರಿ ಮೊದಲಾದ ಕೊಡವ ಅಡುಗೆಗಳು ಕಾಣಿಸಿಕೊಳ್ಳುತ್ತವೆ. ಇವೆರಡರ ನಡುವೆ, ಕೆಲವೇ ಕಿಲೋಮೀಟರ್‌ಗಳ ಅಂತರದಲ್ಲಿ, ಟಿಬೆಟನ್ ಅಡುಗೆ ನೆಲೆಯೂರಿದೆ.

## ಹಿನ್ನೆಲೆ

1959ರ ಮಾರ್ಚ್ ತಿಂಗಳಲ್ಲಿ 14ನೆಯ ದಲೈ ಲಾಮಾ ಅವರು ಟಿಬೆಟನ್ನು ತೊರೆದು ಭಾರತಕ್ಕೆ ಬಂದರು. ಅವರನ್ನು ಅನುಸರಿಸಿ ಬಂದ ಸಾವಿರಾರು ನಿರಾಶ್ರಿತರು ಮೊದಲು ಅಸ್ಸಾಮಿನ ಮಿಸ್ಸಾಮಾರಿ, ಪಶ್ಚಿಮ ಬಂಗಾಳದ ಬಕ್ಸಾ ಮುಂತಾದ ಶಿಬಿರಗಳಲ್ಲಿ ತಂಗಿದರು. ಅನೇಕರು ಹಿಮಾಲಯದ ರಸ್ತೆ ನಿರ್ಮಾಣ ಕಾಮಗಾರಿಗಳಲ್ಲಿ ಕೂಲಿ ಮಾಡಿದರು. ಅವರಿಗೆ ಶಾಶ್ವತ ನೆಲೆ ಕಲ್ಪಿಸಲು ಪ್ರಧಾನಿ ಜವಾಹರಲಾಲ್ ನೆಹರೂ ಅವರು ರಾಜ್ಯಗಳನ್ನು ಕೋರಿದಾಗ ಅಂದಿನ ಮೈಸೂರು ರಾಜ್ಯ ಮುಂದೆ ಬಂದು, ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು. 1961ರಲ್ಲಿ ಲುಗ್ಸುಂಗ್ ಸಮ್‌ಡುಪ್ಲಿಂಗ್ ಎಂಬ ಮೊದಲ ವಸತಿ ಆರಂಭವಾಯಿತು. 1969ರಲ್ಲಿ ಡಿಕ್ಯಿ ಲಾರ್ಸೋ ಎಂಬ ಎರಡನೆಯ ವಸತಿ ಸೇರಿತು. ಟಿಬೆಟನ್ನರ ಪುನರ್ವಸತಿಗೆ ನೆರವಾಗಲೆಂದು 1968ರಲ್ಲಿ ಹುಟ್ಟಿದ ಸಂಸ್ಥೆಯೇ ಮುಂದೆ ಗ್ರಾಮೀಣಾಭಿವೃದ್ಧಿ ಕ್ಷೇತ್ರದಲ್ಲಿ ಹೆಸರು ಮಾಡಿದ ಮೈರಾಡ.

ಮೊದಲ ವರ್ಷಗಳು ಕಷ್ಟದವಾಗಿದ್ದವು. ವಸತಿಗರು ಡೇರೆ ಮತ್ತು ಬಿದಿರಿನ ಗುಡಿಸಲುಗಳಲ್ಲಿದ್ದುಕೊಂಡು, ದಿನಗೂಲಿಯ ಮೇಲೆ ಕಾಡು ಕಡಿದು ನೆಲವನ್ನು ಹಸನು ಮಾಡಿದರು. ಆನೆಗಳ ಹಾವಳಿ, ರೋಗರುಜಿನ ಮತ್ತು ಒಗ್ಗದ ಸೆಕೆಯನ್ನು ಎದುರಿಸಿದರು. ಸರ್ಕಾರ ಹಾಗೂ ಪರಿಹಾರ ಸಂಸ್ಥೆಗಳು ಕೊಟ್ಟ ಪಡಿತರವೇ ಆಗ ಅವರ ಆಹಾರವಾಗಿತ್ತು. ಬೈಲಕುಪ್ಪೆಯ ಅಡುಗೆಯಲ್ಲಿ ಕಂಡುಬರುವ ಬದಲಾವಣೆಗಳು ಈ ಪಡಿತರದಿಂದಲೇ ಆರಂಭವಾದವು.

1963ರಲ್ಲಿ ಪೆನೋರ್ ರಿಂಪೋಚೆಯವರು ಞಿಂಗ್ಮಾ ಪಂಥದ ನಾಮ್‌ಡ್ರೋಲಿಂಗ್ ಮಠವನ್ನು ಇಲ್ಲಿ ಸ್ಥಾಪಿಸಿದರು. ಗೆಲುಗ್ ಪಂಥದ ಸೆರಾ ಮಹಾವಿಹಾರ ಮತ್ತು ತಾಶಿ ಲ್ಹುನ್ಪೊ ಮಠಗಳೂ ಬೈಲಕುಪ್ಪೆಯಲ್ಲಿ ಪುನರ್‌ಸ್ಥಾಪನೆಗೊಂಡವು. ನಾಮ್‌ಡ್ರೋಲಿಂಗ್ ಆವರಣದಲ್ಲಿ 1999ರಲ್ಲಿ ಉದ್ಘಾಟನೆಯಾದ ಸುವರ್ಣ ದೇವಾಲಯವು ಕೊಡಗು ಪ್ರವಾಸದ ಅವಿಭಾಜ್ಯ ಅಂಗವಾಯಿತು. ಪ್ರವಾಸಿಗರ ಸಂಖ್ಯೆ ಹೆಚ್ಚಿದಂತೆ ಮಠದ ಎದುರಿನ ಅಂಗಡಿ ಸಾಲಿನಲ್ಲಿಯೂ ಸುತ್ತಲ ರಸ್ತೆಗಳಲ್ಲಿಯೂ ಉಪಾಹಾರ ಗೃಹಗಳು ತಲೆಯೆತ್ತಿದವು.

## ಮೂಲ ಆಹಾರ

ಟಿಬೆಟ್ ಪ್ರಸ್ಥಭೂಮಿಯ ಬಹುಭಾಗದಲ್ಲಿ ಭತ್ತ ಬೆಳೆಯುವುದಿಲ್ಲ. ಚಳಿಯನ್ನು ತಾಳಿಕೊಳ್ಳುವ ಬಾರ್ಲಿ ಅಲ್ಲಿನ ಮುಖ್ಯ ಧಾನ್ಯ. ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟಿಗೆ ತ್ಸಂಪಾ ಎಂದು ಹೆಸರು. ಇದು ಹಳೆಯ ಮೈಸೂರು ಸೀಮೆಯ ಹುರಿಹಿಟ್ಟನ್ನು ಹೋಲುತ್ತದೆ. ಬಟ್ಟಲಿನಲ್ಲಿ ಸ್ವಲ್ಪ ಬೆಣ್ಣೆ ಚಹಾ ಉಳಿಸಿಕೊಂಡು, ಅದಕ್ಕೆ ತ್ಸಂಪಾ ಹಾಕಿ ಬೆರಳುಗಳಿಂದಲೇ ನಾದಿ ಉಂಡೆ ಮಾಡಿ ತಿನ್ನುವುದು ರೂಢಿ.

ತ್ಸಂಪಾ ಪ್ರಧಾನ ಆಹಾರವಾಗಿದ್ದುದಕ್ಕೆ ಭೌಗೋಳಿಕ ಕಾರಣವೂ ಇದೆ. ಸುಮಾರು 3,650 ಮೀಟರ್ ಎತ್ತರದಲ್ಲಿರುವ ಲಾಸಾದಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಬದಲಾಗಿ ಸುಮಾರು 88 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಬೇಳೆಕಾಳುಗಳು ಬೇಗ ಬೇಯುವುದಿಲ್ಲ, ಉರುವಲೂ ವಿರಳ. ಒಮ್ಮೆ ಹುರಿದಿಟ್ಟ ಹಿಟ್ಟನ್ನು ಮತ್ತೆ ಬೇಯಿಸುವ ಅಗತ್ಯವಿಲ್ಲ. ಅದು ಬಹುಕಾಲ ಕೆಡದೆ ಉಳಿಯುವುದರಿಂದ ಅಲೆಮಾರಿ ಪಶುಪಾಲಕರಿಗೂ ಯಾತ್ರಿಕರಿಗೂ ಅನುಕೂಲಕರವಾಗಿತ್ತು. ಯಾಕ್ ಮತ್ತು ಕುರಿಯ ಮಾಂಸ, ಬೆಣ್ಣೆ, ಒಣಗಿಸಿದ ಗಿಣ್ಣು ಇತರ ಮುಖ್ಯ ಆಹಾರಗಳು.

ತ್ಸಂಪಾ ಟಿಬೆಟನ್ನರ ಗುರುತೂ ಹೌದು. ಪ್ರಾಂತ, ಪಂಥ ಮತ್ತು ಉಪಭಾಷೆಗಳ ಭೇದವನ್ನು ಮೀರಿ ತಮ್ಮೆಲ್ಲರನ್ನೂ ಸೂಚಿಸಲು ‘ತ್ಸಂಪಾ ತಿನ್ನುವವರು’ ಎಂಬ ಮಾತನ್ನು ಟಿಬೆಟನ್ನರು ಬಳಸಿದ್ದಾರೆ. 1950ರ ದಶಕದಲ್ಲಿ ಕಾಲಿಂಪಾಂಗ್‌ನಿಂದ ಹೊರಡುತ್ತಿದ್ದ ಟಿಬೆಟನ್ ಭಾಷೆಯ ಪತ್ರಿಕೆಯೂ ಓದುಗರನ್ನು ಹೀಗೆ ಸಂಬೋಧಿಸಿತ್ತು.

## ಬೈಲಕುಪ್ಪೆಯಲ್ಲಿ ಆದ ಬದಲಾವಣೆ

ಬೈಲಕುಪ್ಪೆಯ ನೆಲ ಮತ್ತು ಹವೆ ಬಾರ್ಲಿಗೆ ಒಗ್ಗುವಂತಹುದಲ್ಲ. ವಸತಿಗರು ಇಲ್ಲಿ ಮುಖ್ಯವಾಗಿ ಮುಸುಕಿನ ಜೋಳವನ್ನು, ಜೊತೆಗೆ ರಾಗಿ ಮುಂತಾದ ಬೆಳೆಗಳನ್ನು ಬೆಳೆಯತೊಡಗಿದರು. ಮನೆಯ ಬಳಕೆಗೆ ಅಂಗಡಿಯ ಗೋಧಿ ಹಿಟ್ಟು, ಮೈದಾ ಮತ್ತು ಅಕ್ಕಿ ಬಂದವು. ಹೀಗೆ ದಿನದ ಊಟದಲ್ಲಿ ತ್ಸಂಪಾದ ಸ್ಥಾನವನ್ನು ಅನ್ನ, ಬೇಳೆ, ತರಕಾರಿ ಪಲ್ಯ ಹಾಗೂ ಗೋಧಿಯ ರೊಟ್ಟಿಗಳು ಬಹುಮಟ್ಟಿಗೆ ಆಕ್ರಮಿಸಿದವು. ತ್ಸಂಪಾ ಹಿರಿಯರ ಬೆಳಗಿನ ಉಪಾಹಾರಕ್ಕೂ ಪೂಜೆ ಮತ್ತು ಹಬ್ಬಗಳಿಗೂ ಹೆಚ್ಚಾಗಿ ಸೀಮಿತವಾಯಿತು.

ಯಾಕ್ ಶೀತ ಪ್ರದೇಶದ ಪ್ರಾಣಿಯಾದುದರಿಂದ ಅದರ ಮಾಂಸವಾಗಲಿ ಹೈನಾಗಲಿ ಇಲ್ಲಿ ದೊರೆಯುವಂತಿರಲಿಲ್ಲ. ‘ಯಾಕ್ ಬೆಣ್ಣೆ’ ಎಂಬ ಮಾತು ರೂಢಿಯಲ್ಲಿದ್ದರೂ, ಟಿಬೆಟನ್ ಭಾಷೆಯಲ್ಲಿ ಯಾಕ್ ಎಂದರೆ ಗಂಡು. ಹಾಲು ಕೊಡುವ ಹೆಣ್ಣಿಗೆ ದ್ರಿ ಎನ್ನುತ್ತಾರೆ. ಬೈಲಕುಪ್ಪೆಯಲ್ಲಿ ದ್ರಿಯ ಬೆಣ್ಣೆಗೆ ಬದಲಾಗಿ ಹಸುವಿನ ಬೆಣ್ಣೆ ಬಳಕೆಗೆ ಬಂದಿತು. ಒಗ್ಗರಣೆ, ಅರಿಶಿನ, ಹಸಿಮೆಣಸಿನಕಾಯಿ ಮತ್ತು ಕೊತ್ತಂಬರಿ ಸೊಪ್ಪಿನ ಬಳಕೆಯೂ ಹೆಚ್ಚಿತು. ಇಲ್ಲಿ ಹುಟ್ಟಿ ಬೆಳೆದ ತಲೆಮಾರುಗಳಿಗೆ ದೋಸೆ, ಇಡ್ಲಿ ಮತ್ತು ಸಾಂಬಾರು ಪರಿಚಿತವಾದ ಆಹಾರವೇ ಆಗಿವೆ.

## ಉಪಾಹಾರ ಗೃಹಗಳು

ಬೈಲಕುಪ್ಪೆಯ ಟಿಬೆಟನ್ ಉಪಾಹಾರ ಗೃಹಗಳಲ್ಲಿ ಹಲವು ಚಿಕ್ಕವು, ಕುಟುಂಬದವರೇ ನಡೆಸುವಂತಹವು. ಅನೇಕ ಕಡೆಗಳಲ್ಲಿ ಗೋಡೆಯ ಮೇಲೆ ದಲೈ ಲಾಮಾ ಅವರ ಭಾವಚಿತ್ರವಿರುತ್ತದೆ. ಮೊಮೊ, ತುಕ್ಪಾಗಳೊಡನೆ ಫ್ರೈಡ್ ರೈಸ್, ಚೌಮೇನ್ ಮುಂತಾದ ಚೀನೀ ಶೈಲಿಯ ತಿನಿಸುಗಳೂ ದೊರೆಯುತ್ತವೆ. ನಿಜವಾದ ಟಿಬೆಟನ್ ತಿನಿಸುಗಳು ಯಾವುವು, ಇತರ ಮೂಲದವು ಯಾವುವು ಎಂಬುದನ್ನು ಪ್ರವಾಸಿಗರು ಈ ಪಟ್ಟಿಯಿಂದ ಬೇರ್ಪಡಿಸಿ ನೋಡುವುದು ಕಡಿಮೆ.

ಗ್ರಾಹಕರಲ್ಲಿ ಮೂರು ಬಗೆಯವರಿದ್ದಾರೆ. ಮೊದಲನೆಯವರು ಮಡಿಕೇರಿಗೆ ಹೋಗುವ ಅಥವಾ ಅಲ್ಲಿಂದ ಹಿಂದಿರುಗುವ ಪ್ರವಾಸಿಗರು. ಇವರು ಹೆಚ್ಚಾಗಿ ಮಧ್ಯಾಹ್ನದ ಹೊತ್ತಿಗೆ ಬರುತ್ತಾರೆ. ಎರಡನೆಯವರು ವಸತಿಗಳ ನಿವಾಸಿಗಳು ಹಾಗೂ ಮಠಗಳ ಭಿಕ್ಷುಗಳು. ನೇಪಾಳ, ಭೂತಾನ್, ಲಡಾಖ್, ಅರುಣಾಚಲ ಪ್ರದೇಶ ಮುಂತಾದ ಕಡೆಗಳಿಂದ ಅಧ್ಯಯನಕ್ಕೆ ಬಂದ ಭಿಕ್ಷುಗಳಿಗೆ ಈ ಹೋಟೆಲುಗಳು ತವರಿನ ರುಚಿಯನ್ನು ಒದಗಿಸುತ್ತವೆ. ಮೂರನೆಯವರು ಕುಶಾಲನಗರ, ಕೊಪ್ಪ ಮತ್ತು ಸುತ್ತಲ ಊರುಗಳ ಕನ್ನಡಿಗರು.

ಬೈಲಕುಪ್ಪೆಯಲ್ಲಿ ರಾತ್ರಿ ತಂಗಬಯಸುವ ವಿದೇಶೀಯರು ಕೇಂದ್ರ ಸರ್ಕಾರದಿಂದ ಸಂರಕ್ಷಿತ ಪ್ರದೇಶದ ಪರವಾನಗಿ ಪಡೆಯಬೇಕು. ಆದುದರಿಂದ ವಿದೇಶೀ ಪ್ರವಾಸಿಗರಲ್ಲಿ ಹಲವರು ಹಗಲಿನಲ್ಲಿ ಬಂದು ಉಂಡು, ರಾತ್ರಿ ಕುಶಾಲನಗರ ಅಥವಾ ಮಡಿಕೇರಿಯಲ್ಲಿ ತಂಗುತ್ತಾರೆ. ಪ್ರವಾಸಿಗರನ್ನು ನೆಚ್ಚಿದ ಹೋಟೆಲುಗಳ ವ್ಯಾಪಾರ ಹಗಲಿನಲ್ಲಿಯೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

## ಪ್ರಮುಖ ತಿನಿಸುಗಳು

ಮೊಮೊ: ಮೈದಾ ಹಿಟ್ಟಿನ ತೆಳುವಾದ ಹಾಳೆಯೊಳಗೆ ಹೂರಣವಿಟ್ಟು, ಅಂಚನ್ನು ನೆರಿಗೆ ಹಿಡಿದು ಮುಚ್ಚಿ ಹಬೆಯಲ್ಲಿ ಬೇಯಿಸಿದ ತಿನಿಸು. ರೂಪದಲ್ಲಿ ಹೂರಣದ ಕಡುಬಿಗೆ ಸಮೀಪವಾದರೂ ಇದು ಸಿಹಿಯಲ್ಲ. ಮಾಂಸ, ಎಲೆಕೋಸು, ಆಲೂಗಡ್ಡೆ, ಪಾಲಕ್ ಅಥವಾ ಗಿಣ್ಣನ್ನು ಹೂರಣವಾಗಿ ಬಳಸುತ್ತಾರೆ. ಇಡ್ಲಿ ಪಾತ್ರೆಯಂತೆಯೇ ಹಲವು ಅಂತಸ್ತುಗಳಿರುವ ಅಗಲವಾದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿ, ಮೆಣಸಿನಕಾಯಿ, ಟೊಮೆಟೊ ಮತ್ತು ಬೆಳ್ಳುಳ್ಳಿಯ ಖಾರದ ಚಟ್ನಿಯೊಡನೆ ಬಡಿಸುತ್ತಾರೆ. ಈ ಚಟ್ನಿಗೆ ಸೆಪೆನ್ ಎಂದು ಹೆಸರು. ಮನೆಗಳಲ್ಲಿ ಮೊಮೊ ದಿನನಿತ್ಯದ ಅಡುಗೆಯಲ್ಲ; ನೆಂಟರಿಷ್ಟರು ಬಂದಾಗ ಅಥವಾ ರಜಾದಿನಗಳಲ್ಲಿ ಮನೆಮಂದಿಯೆಲ್ಲ ಕುಳಿತು ಮಡಿಸುವ ವಿಶೇಷ ತಿನಿಸು.

ತುಕ್ಪಾ: ಶಾವಿಗೆಯಂತಹ ಎಳೆಗಳನ್ನು ತರಕಾರಿ ಅಥವಾ ಮಾಂಸದ ತಿಳಿಸಾರಿನಲ್ಲಿ ಬೇಯಿಸಿದ ಖಾದ್ಯ. ದೊಡ್ಡ ಬಟ್ಟಲಿನಲ್ಲಿ ಬಿಸಿಬಿಸಿಯಾಗಿ ಕೊಡುತ್ತಾರೆ. ಒಂದು ಬಟ್ಟಲೇ ಒಂದು ಊಟ. ಮಸಾಲೆ ಕಡಿಮೆ. ಸಾರಿನ ಖಾರಕ್ಕೆ ಒಗ್ಗಿದ ಕನ್ನಡಿಗರಿಗೆ ಮೊದಲ ಸಲ ಸಪ್ಪೆಯೆನಿಸಬಹುದು. ಖಾರವನ್ನು ಉಣ್ಣುವವರೇ ಸೇರಿಸಿಕೊಳ್ಳಬೇಕೆಂಬುದು ಇಲ್ಲಿನ ಕ್ರಮ.

ತೆಂತುಕ್: ತುಕ್ಪಾದ ಒಂದು ಬಗೆ. ‘ತೆನ್’ ಎಂದರೆ ಎಳೆಯುವುದು. ನಾದಿದ ಹಿಟ್ಟನ್ನು ಪಟ್ಟಿಯಾಗಿ ಎಳೆದು, ಸಣ್ಣ ಚೂರುಗಳನ್ನು ಕೈಯಿಂದಲೇ ಹರಿದು ಕುದಿಯುವ ಸಾರಿಗೆ ಹಾಕುತ್ತಾರೆ. ಮನೆಗಳಲ್ಲಿ ಸಂಜೆಯ ಊಟಕ್ಕೆ ಇದನ್ನು ಹೆಚ್ಚಾಗಿ ಮಾಡುತ್ತಾರೆ.

ತಿಂಗ್ಮೊ: ಹುದುಗು ಬರಿಸಿದ ಹಿಟ್ಟನ್ನು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದ ಮೆತ್ತನೆಯ ರೊಟ್ಟಿ. ಪಲ್ಯ, ಬೇಳೆ ಅಥವಾ ಮಾಂಸದ ಗೊಜ್ಜಿನೊಡನೆ ತಿನ್ನುತ್ತಾರೆ.

ಬಾಲೆಪ್: ಕಾವಲಿಯ ಮೇಲೆ ಬೇಯಿಸಿದ ದಪ್ಪ ಗೋಧಿ ರೊಟ್ಟಿ. ಬೆಳಗಿನ ಚಹಾದೊಡನೆ ಇದನ್ನು ತಿನ್ನುವುದು ರೂಢಿ.

ಶಾಫಲೆ: ‘ಶಾ’ ಎಂದರೆ ಮಾಂಸ. ಎರಡು ಹಾಳೆಗಳ ನಡುವೆ ಅಥವಾ ಅರ್ಧಚಂದ್ರಾಕಾರವಾಗಿ ಮಡಿಸಿದ ಹಾಳೆಯೊಳಗೆ ಮಾಂಸದ ಹೂರಣವಿಟ್ಟು ಎಣ್ಣೆಯಲ್ಲಿ ಕರಿಯುತ್ತಾರೆ.

ಲಾಫಿಂಗ್: ಹೆಸರುಕಾಳಿನ ಪಿಷ್ಟದಿಂದ ಮಾಡಿದ, ಜಾರುವ ಪಟ್ಟಿಗಳಿಗೆ ಮೆಣಸಿನಕಾಯಿ ಎಣ್ಣೆ, ಬೆಳ್ಳುಳ್ಳಿ ನೀರು ಮತ್ತು ಸೋಯಾ ರಸ ಬೆರೆಸಿದ ತಣ್ಣನೆಯ ತಿನಿಸು. ಯುವಜನರಲ್ಲಿ ಹೆಚ್ಚು ಪ್ರಿಯವಾಗಿದೆ.

## ಬೆಣ್ಣೆ ಚಹಾ

ಗಟ್ಟಿ ಇಟ್ಟಿಗೆಯಾಕಾರದಲ್ಲಿ ಒತ್ತಿದ ಚಹಾವನ್ನು ಬಹುಕಾಲ ಕುದಿಸಿ, ಬಂದ ಕಷಾಯಕ್ಕೆ ಉಪ್ಪು ಮತ್ತು ಬೆಣ್ಣೆ ಸೇರಿಸಿ ಕಡೆದರೆ ಬೆಣ್ಣೆ ಚಹಾ ಸಿದ್ಧವಾಗುತ್ತದೆ. ಟಿಬೆಟನ್ ಭಾಷೆಯಲ್ಲಿ ಇದಕ್ಕೆ ಪೋಚಾ ಎನ್ನುತ್ತಾರೆ. ಹಿಂದೆ ದೋಂಗ್ಮೊ ಎಂಬ ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುತ್ತಿದ್ದರು. ಈಗ ಮಿಕ್ಸಿಯೂ ಆ ಕೆಲಸ ಮಾಡುತ್ತದೆ. ಚಹಾ ಎಂದರೆ ಸಿಹಿಯೆಂದೇ ನಿರೀಕ್ಷಿಸುವ ಪ್ರವಾಸಿಗರಿಗೆ ಇದರ ಉಪ್ಪು ಅನಿರೀಕ್ಷಿತವಾಗುತ್ತದೆ; ತೆಳುವಾದ ಸಾರೆಂದು ಭಾವಿಸಿ ಕುಡಿದರೆ ರುಚಿ ಹಿಡಿಸುವುದು ಸುಲಭ.

ಶೀತ ಪ್ರದೇಶದಲ್ಲಿ ಮೈಗೆ ಬೇಕಾದ ಕೊಬ್ಬು, ಉಪ್ಪು ಮತ್ತು ಬಿಸುಪನ್ನು ಈ ಪಾನೀಯ ಏಕಕಾಲಕ್ಕೆ ಒದಗಿಸುತ್ತಿತ್ತು. ಬೈಲಕುಪ್ಪೆಯ ಹವೆಯಲ್ಲಿ ಅದೇ ಪ್ರಮಾಣದ ಬೆಣ್ಣೆ ಅನಗತ್ಯ. ಹಿರಿಯರು ಇದನ್ನು ಬಿಡದಿದ್ದರೂ, ಹೋಟೆಲು ಮತ್ತು ಮನೆಗಳಲ್ಲಿ ಹಾಲು–ಸಕ್ಕರೆಯ ಚಹಾ ಸಾಮಾನ್ಯವಾಗಿದೆ. ಅತಿಥಿಯ ಬಟ್ಟಲು ಬರಿದಾಗದಂತೆ ಮತ್ತೆ ಮತ್ತೆ ತುಂಬುವುದು ಟಿಬೆಟನ್ ಉಪಚಾರದ ಲಕ್ಷಣ. ಸಾಕೆನಿಸಿದವರು ಬಟ್ಟಲನ್ನು ಹಾಗೆಯೇ ಬಿಟ್ಟು, ಹೊರಡುವಾಗ ಕುಡಿದು ಮುಗಿಸುತ್ತಾರೆ.

## ಮಾಂಸಾಹಾರ ಮತ್ತು ಸಸ್ಯಾಹಾರ

ಬೌದ್ಧಧರ್ಮ ಅಹಿಂಸೆಯನ್ನು ಬೋಧಿಸಿದರೂ, ತರಕಾರಿ ವಿರಳವಾದ ಪ್ರಸ್ಥಭೂಮಿಯಲ್ಲಿ ಮಾಂಸಾಹಾರ ಅನಿವಾರ್ಯವಾಗಿತ್ತು. ಸಣ್ಣ ಪ್ರಾಣಿಗಳನ್ನು ಕೊಂದರೆ ಒಂದು ಊಟಕ್ಕೆ ಹಲವು ಜೀವಗಳು ಹೋಗುತ್ತವೆ, ದೊಡ್ಡದೊಂದರಿಂದ ಹಲವರ ಊಟವಾಗುತ್ತದೆ ಎಂಬ ವಿವೇಚನೆಯಿಂದ ಸಂಪ್ರದಾಯಸ್ಥರು ಮೀನು ಮತ್ತು ಕೋಳಿಗಿಂತ ದೊಡ್ಡ ಪ್ರಾಣಿಗಳ ಮಾಂಸವನ್ನು ಒಪ್ಪುತ್ತಿದ್ದರು. ತರಕಾರಿ ಸಮೃದ್ಧವಾಗಿರುವ ಭಾರತದಲ್ಲಿ ಈ ಅನಿವಾರ್ಯತೆ ಉಳಿಯಲಿಲ್ಲ. ಹಲವು ಮಠಗಳ ಸಾಮೂಹಿಕ ಅಡುಗೆಮನೆಗಳಲ್ಲಿ ಮಾಂಸ ಬೇಯಿಸುವುದನ್ನು ನಿಲ್ಲಿಸಲಾಗಿದೆ. ಕಾಗ್ಯು ಪಂಥದ 17ನೆಯ ಕರ್ಮಪಾ ಅವರು 2007ರಲ್ಲಿ ತಮ್ಮ ಪಂಥದ ಮಠಗಳಿಗೆ ಇಂತಹುದೇ ಸೂಚನೆ ನೀಡಿದ್ದರು.

ಪ್ರವಾಸಿಗರಲ್ಲಿ ಸಸ್ಯಾಹಾರಿಗಳೂ ಗಣನೀಯ ಸಂಖ್ಯೆಯಲ್ಲಿರುವುದರಿಂದ ತರಕಾರಿ ಮೊಮೊ ಮತ್ತು ತರಕಾರಿ ತುಕ್ಪಾ ಸಾಮಾನ್ಯವಾಗಿ ಎಲ್ಲೆಡೆ ದೊರೆಯುತ್ತವೆ. ಮಾಂಸ ಮತ್ತು ತರಕಾರಿ ಎರಡನ್ನೂ ಒಂದೇ ಅಡುಗೆಮನೆಯಲ್ಲಿ ತಯಾರಿಸುವ ಹೋಟೆಲುಗಳೂ ಇರುವುದರಿಂದ, ಕಟ್ಟುನಿಟ್ಟಿನ ಸಸ್ಯಾಹಾರಿಗಳು ವಿಚಾರಿಸಿಕೊಳ್ಳುವುದುಂಟು.

## ಮಠಗಳ ಅಡುಗೆ

ಮಠಗಳಲ್ಲಿ ನೂರಾರು, ಕೆಲವೆಡೆ ಸಾವಿರಾರು ಭಿಕ್ಷುಗಳಿಗೆ ಒಟ್ಟಿಗೆ ಅಡುಗೆಯಾಗುತ್ತದೆ. ಬೆಳಿಗ್ಗೆ ಚಹಾ ಮತ್ತು ರೊಟ್ಟಿ, ಮಧ್ಯಾಹ್ನ ಅನ್ನ, ಬೇಳೆ ಮತ್ತು ತರಕಾರಿ, ಸಂಜೆ ತುಕ್ಪಾ ಅಥವಾ ಅಂತಹುದೇ ಸರಳ ಆಹಾರ ಇರುತ್ತದೆ. ದೊಡ್ಡ ಪೂಜೆಗಳ ಸಂದರ್ಭದಲ್ಲಿ ಪ್ರಾರ್ಥನಾ ಮಂದಿರದೊಳಗೇ ಚಹಾ ಹಂಚುವುದುಂಟು. ಕಿರಿಯ ಭಿಕ್ಷುಗಳು ದೊಡ್ಡ ಕೆಟಲುಗಳನ್ನು ಹಿಡಿದು ಸಾಲುಗಳ ನಡುವೆ ವೇಗವಾಗಿ ಸಾಗಿ ಬಟ್ಟಲುಗಳನ್ನು ತುಂಬುತ್ತಾರೆ. ಭಕ್ತರು ಹಣ ಕೊಟ್ಟು ಇಡೀ ಸಭೆಗೆ ಚಹಾ ಸೇವೆ ಮಾಡಿಸುವ ಪದ್ಧತಿಗೆ ಮಂಗ್‌ಜಾ ಎಂದು ಹೆಸರು. ಇದನ್ನು ಕನ್ನಡ ನಾಡಿನ ಮಠಗಳ ದಾಸೋಹಕ್ಕೆ ಸಲ್ಲಿಸುವ ಸೇವೆಗೆ ಹೋಲಿಸಬಹುದು. ಆದರೆ ಇದು ಭಿಕ್ಷುಸಂಘಕ್ಕೆ ಸಲ್ಲುವ ಸೇವೆಯೇ ಹೊರತು ಪ್ರವಾಸಿಗರಿಗಾಗಿ ನಡೆಯುವ ಊಟದ ಏರ್ಪಾಡಲ್ಲ.

## ಹಬ್ಬದ ಅಡುಗೆ

ಟಿಬೆಟನ್ನರ ಹೊಸವರ್ಷವಾದ ಲೋಸರ್ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್ ತಿಂಗಳಲ್ಲಿ ಬರುತ್ತದೆ. ಹಳೆಯ ವರ್ಷದ ಕೊನೆಯ ತಿಂಗಳ 29ನೆಯ ದಿನ ರಾತ್ರಿ ಗುತುಕ್ ಎಂಬ ವಿಶೇಷ ತುಕ್ಪಾ ಮಾಡುತ್ತಾರೆ. ‘ಗು’ ಎಂದರೆ ಒಂಬತ್ತು; ಇದಕ್ಕೆ ಒಂಬತ್ತು ಬಗೆಯ ಪದಾರ್ಥಗಳು ಬೇಕು. ಪ್ರತಿಯೊಬ್ಬರ ಬಟ್ಟಲಿಗೂ ದೊಡ್ಡದೊಂದು ಹಿಟ್ಟಿನ ಉಂಡೆ ಬೀಳುತ್ತದೆ; ಅದನ್ನು ಒಡೆದು ಒಳಗಿರುವ ವಸ್ತುವನ್ನು ನೋಡುತ್ತಾರೆ. ಮೆಣಸಿನಕಾಯಿ ಸಿಕ್ಕವರು ಮಾತುಗಾರರು, ಉಣ್ಣೆ ಸಿಕ್ಕವರು ಮೃದು ಹೃದಯದವರು, ಇದ್ದಿಲು ಸಿಕ್ಕವರು ಕಪ್ಪು ಮನಸ್ಸಿನವರು ಎಂದು ನಗೆಯಾಡುತ್ತಾರೆ.

ಲೋಸರ್‌ಗೆ ಮುನ್ನ ಖಾಪ್ಸೆ ಎಂಬ ಕರಿದ ತಿಂಡಿಗಳನ್ನು ಬಗೆಬಗೆಯ ಆಕಾರಗಳಲ್ಲಿ ಮಾಡಿ ದೇವರ ಪೀಠದ ಮೇಲೆ ಪೇರಿಸುತ್ತಾರೆ. ಹಬ್ಬದ ಬೆಳಿಗ್ಗೆ ದ್ರೆಸಿಲ್ ಎಂಬ ಸಿಹಿ ಅನ್ನ ಬಡಿಸುತ್ತಾರೆ. ಇದಕ್ಕೆ ಟಿಬೆಟಿನಲ್ಲಿ ದ್ರೋಮಾ ಎಂಬ ಸಣ್ಣ ಗೆಡ್ಡೆಯನ್ನು ಹಾಕುತ್ತಾರೆ; ಅದು ದೊರೆಯದ ಕಡೆ ದ್ರಾಕ್ಷಿ ಮತ್ತು ಗೋಡಂಬಿಯೇ ಮುಖ್ಯವಾಗುತ್ತವೆ. ಚೆಮಾರ್ ಎಂಬ ಬೆಣ್ಣೆ ಬೆರೆಸಿದ ತ್ಸಂಪಾವನ್ನು ಅಲಂಕೃತ ಮರದ ಪೆಟ್ಟಿಗೆಯಲ್ಲಿಟ್ಟು, ಬಂದವರಿಗೆಲ್ಲ ಚಿಟಿಕೆ ತೆಗೆದುಕೊಳ್ಳಲು ನೀಡುತ್ತಾರೆ. ದಿನದ ಊಟದಿಂದ ಹಿಂದೆ ಸರಿದ ತ್ಸಂಪಾ ಹಬ್ಬದಲ್ಲಿ ಹೀಗೆ ತನ್ನ ಸ್ಥಾನವನ್ನು ಉಳಿಸಿಕೊಂಡಿದೆ.

ಬೈಲಕುಪ್ಪೆಯ ಅನೇಕ ಕುಟುಂಬಗಳು ಚಳಿಗಾಲದಲ್ಲಿ ಸ್ವೆಟರ್ ವ್ಯಾಪಾರಕ್ಕಾಗಿ ಬೇರೆ ಬೇರೆ ನಗರಗಳಿಗೆ ಹೋಗಿ ಲೋಸರ್ ವೇಳೆಗೆ ಹಿಂದಿರುಗುತ್ತವೆ. ಆದುದರಿಂದ ಗುತುಕ್ ಮತ್ತು ದ್ರೆಸಿಲ್ ಇಲ್ಲಿ ಮನೆಮಂದಿ ಮತ್ತೆ ಒಂದೆಡೆ ಸೇರುವ ಊಟವೂ ಆಗಿವೆ. ಇವು ಹೋಟೆಲಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ.

## ಸ್ಥಳೀಯರೊಡನೆ ಕೊಡುಕೊಳ್ಳುವಿಕೆ

ಟಿಬೆಟನ್ನರ ಹೊಲಗಳಲ್ಲಿ ಸುತ್ತಲ ಹಳ್ಳಿಗಳ ಕನ್ನಡಿಗರು ಕೂಲಿ ಮಾಡುತ್ತಾ ಬಂದಿದ್ದಾರೆ. ವಸತಿಗಳ ಅಂಗಡಿ, ಹೋಟೆಲುಗಳಲ್ಲಿಯೂ ಸ್ಥಳೀಯರಿಗೆ ಉದ್ಯೋಗ ದೊರೆತಿದೆ. ತರಕಾರಿ, ಹಾಲು ಮತ್ತು ದಿನಸಿಗಾಗಿ ವಸತಿಗಳು ಕುಶಾಲನಗರ ಮತ್ತು ಕೊಪ್ಪದ ವ್ಯಾಪಾರಿಗಳನ್ನು ಅವಲಂಬಿಸಿವೆ. ಟಿಬೆಟನ್ ಗ್ರಾಮಗಳನ್ನು ಸ್ಥಳೀಯರು ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ. ತಾತ್ಕಾಲಿಕ ಶಿಬಿರವನ್ನು ಸೂಚಿಸುವ ಈ ಪದ ಆರು ದಶಕಗಳ ನಂತರವೂ ಉಳಿದಿರುವುದು ಗಮನಾರ್ಹ.

ಇತ್ತ ಮೊಮೊ ವಸತಿಗಳ ಎಲ್ಲೆಯನ್ನು ದಾಟಿ ಮೈಸೂರು, ಬೆಂಗಳೂರುಗಳ ರಸ್ತೆಬದಿಯ ಗಾಡಿಗಳಿಗೂ ಹರಡಿದೆ. ಅಲ್ಲಿ ಎಣ್ಣೆಯಲ್ಲಿ ಕರಿದ ಹಾಗೂ ಮಸಾಲೆ ಸವರಿದ ರೂಪಗಳು ಜನಪ್ರಿಯವಾಗಿದ್ದು, ಮಾರುವವರು ಟಿಬೆಟನ್ನರೇ ಆಗಿರಬೇಕೆಂದಿಲ್ಲ.

## ಇಂದಿನ ಸ್ಥಿತಿ

ಟಿಬೆಟನ್ ವಸತಿಗಳ ಯುವಜನರಲ್ಲಿ ಹಲವರು ಶಿಕ್ಷಣ ಮತ್ತು ಉದ್ಯೋಗಕ್ಕಾಗಿ ನಗರಗಳಿಗೆ, ಯೂರೋಪಿಗೆ, ಉತ್ತರ ಅಮೆರಿಕಕ್ಕೆ ವಲಸೆ ಹೋಗುತ್ತಿದ್ದಾರೆ. ಟಿಬೆಟಿನಲ್ಲಿ ಹುಟ್ಟಿ, ಅಲ್ಲಿನ ಅಡುಗೆಯನ್ನು ನೇರವಾಗಿ ಕಂಡ ಹಿರಿಯರ ಸಂಖ್ಯೆ ಕಡಿಮೆಯಾಗುತ್ತಿದೆ. ಬಾರ್ಲಿ ಹುರಿಯುವುದು, ದೋಂಗ್ಮೊದಲ್ಲಿ ಚಹಾ ಕಡೆಯುವುದು, ಗಿಣ್ಣು ಒಣಗಿಸುವುದು ಮೊದಲಾದ ಮನೆಯ ಕೆಲಸಗಳು ರೂಢಿ ತಪ್ಪುತ್ತಿವೆ. ಪ್ರವಾಸಿಗರ ಬೇಡಿಕೆ ಮುಖ್ಯವಾಗಿ ಮೊಮೊ ಮತ್ತು ತುಕ್ಪಾಗಳಿಗೆ ಇರುವುದರಿಂದ, ಉಪಾಹಾರ ಗೃಹಗಳು ಟಿಬೆಟನ್ ಅಡುಗೆಯ ಒಂದು ಭಾಗವನ್ನಷ್ಟೇ ಉಳಿಸಿ ಬೆಳೆಸಿವೆ. ತ್ಸಂಪಾ, ಗುತುಕ್, ದ್ರೆಸಿಲ್ ಮುಂತಾದವು ಉಳಿದಿರುವುದು ಮನೆ ಮತ್ತು ಮಠಗಳಲ್ಲಿ. ಅಂದರೆ ಆ ಮನೆಗಳಲ್ಲಿ ಮಾಡುವವರು ಮತ್ತು ಉಣ್ಣುವವರು ಇರುವಷ್ಟು ಕಾಲ.

## ಇವನ್ನೂ ನೋಡಿ

- ಬೈಲಕುಪ್ಪೆ
- ನಾಮ್‌ಡ್ರೋಲಿಂಗ್ ಮಠ
- ಕುಶಾಲನಗರ
- ಲೋಸರ್
- ಕೊಡವ ಅಡುಗೆ